ಬಯಾಸ್ ತಿದ್ದುಪಡಿ ತಿದ್ದುವುದು ಏನನ್ನು?

ಹವಾಮಾನ ಮಾದರಿಗಳು, ಅಂದರೆ ಮುಂದಿನ ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳು, ಕೊಡುವ ಅಂಕಿಗಳ ಕೆಳಗೆ ‘ಬಯಾಸ್ ತಿದ್ದುಪಡಿ ಆಗಿದೆ, ಆದ್ದರಿಂದ ಈ ಮುನ್ನಂದಾಜನ್ನು ನಂಬಬಹುದು’ ಎಂದು ಷರಾ ಬರೆಯುವವರು ಹೆಚ್ಚುತ್ತಿದ್ದಾರೆ. ಮೊದಲ ಮಾತಿನಿಂದ ಎರಡನೆಯದು ಹುಟ್ಟುವುದಿಲ್ಲ.

ಬಯಾಸ್ ಎಂದರೆ ಮಾದರಿಯ ಎಲ್ಲ ತಪ್ಪೂ ಅಲ್ಲ, ಅದು ಒಂದೇ ದಿಕ್ಕಿಗೆ ಮತ್ತೆ ಮತ್ತೆ ಮಾಡುವ ತಪ್ಪು. ಹಿಂದಿನ ಅಳತೆಗೆ ಹೋಲಿಸಿ ಅದನ್ನು ಸರಿಪಡಿಸುವುದೇ ತಿದ್ದುಪಡಿ. ಸುಮಾರು ನೂರು ಕಿಲೋಮೀಟರಿನ ಚೌಕಗಳಲ್ಲಿ ಲೆಕ್ಕ ಹಾಕುವ ಜಾಗತಿಕ ಮಾದರಿಗೆ ಕಡಿದಾದ ಬೆಟ್ಟವೂ ಚಪ್ಪಟೆ ದಿಬ್ಬವೇ. ಶಿಖರದ ಚಳಿ, ಗಾಳಿಗೆ ಎದುರಾದ ಇಳಿಜಾರಿನ ಮಳೆ ಎರಡೂ ಅದರ ಲೆಕ್ಕದಲ್ಲಿ ತಗ್ಗುತ್ತವೆ.

ಒಂದು ಪ್ರದೇಶದಲ್ಲಿ 1981ರಿಂದ 2010ರವರೆಗೆ ಅಳೆದ ಸರಾಸರಿ ಉಷ್ಣಾಂಶ 28 ಡಿಗ್ರಿ, ಮಾದರಿ ಹೇಳಿದ್ದು 26 ಎಂದುಕೊಳ್ಳಿ. ಶತಮಾನದ ಕೊನೆಗೆ ಮಾದರಿ 29 ಎನ್ನುತ್ತದೆ, ಎರಡು ಡಿಗ್ರಿ ಕೂಡಿಸಿದರೆ 31. ಏರಿಕೆ ಮೊದಲೂ ಮೂರು ಡಿಗ್ರಿ, ತಿದ್ದಿದ ಮೇಲೂ ಮೂರೇ. ಆ ಮೂರು ಸರಿಯೇ ಎಂಬ ಪ್ರಶ್ನೆಯನ್ನು ತಿದ್ದುಪಡಿ ಮುಟ್ಟಿಯೇ ಇಲ್ಲ! ಹಿಂದಿನ ಎರಡು ಡಿಗ್ರಿ ಕೊರತೆ ಮುಂದೆಯೂ ಹಾಗೆಯೇ ಉಳಿಯುತ್ತದೆ ಎಂಬ ಊಹೆಯೂ ಒಳಗೆ ಅಡಗಿದೆ. ಚಳಿ ಪ್ರದೇಶವೊಂದರಲ್ಲಿ ಇಂಥದೇ ಕೊರತೆಗೆ ಕಾರಣ ಮಾದರಿಯಲ್ಲಿ ಅತಿಯಾಗಿ ಬಿದ್ದ ಹಿಮವಾಗಿದ್ದರೆ, ಹಿಮ ಕರಗಿದಂತೆ ಕೊರತೆಯೂ ಕರಗುತ್ತದೆ. ಆಗ ಕೂಡಿಸಿದ ಎರಡು ಡಿಗ್ರಿಯೇ ಹೊಸ ತಪ್ಪು. ಮಾರುತಗಳ ಹಾದಿಯನ್ನೇ ಮಾದರಿ ತಪ್ಪಾಗಿ ಹಿಡಿದಿದ್ದರಂತೂ ಯಾವ ಕೂಡು-ಕಳೆಯೂ ಅದನ್ನು ಸರಿದಾರಿಗೆ ತರದು.

ಮಳೆಗೆ ಕೂಡು-ಕಳೆ ಒಗ್ಗುವುದಿಲ್ಲ, ಕಳೆಯುತ್ತಾ ಹೋದರೆ ಸೊನ್ನೆಗಿಂತ ಕಡಿಮೆ ಮಳೆ ಬಂದೀತು. ಆದ್ದರಿಂದ ಅಳತೆಗೂ ಮಾದರಿಗೂ ಇರುವ ಅನುಪಾತದಿಂದ ಗುಣಿಸುತ್ತಾರೆ. ಮಾದರಿಗಳಿಗೆ ದಿನವೂ ಜಿನುಗುವ ಚಟ ಬೇರೆ ಇದೆ: ಮಳೆ ದಿನಗಳು ಅತಿ, ಬಿರುಮಳೆ ಕಡಿಮೆ. ಸರಾಸರಿ ಹೊಂದಿಸಿದರೆ ಇದು ಹೋಗುವುದಿಲ್ಲ. ಅದಕ್ಕೆಂದೇ ಕ್ವಾಂಟೈಲ್ ಮ್ಯಾಪಿಂಗ್: ಸಣ್ಣ ಮಳೆಯಿಂದ ದೊಡ್ಡ ಮಳೆಯವರೆಗೆ ಮಾದರಿಯ ಒಂದೊಂದು ಮಟ್ಟವನ್ನೂ ಅಳತೆಯ ಅದೇ ಮಟ್ಟಕ್ಕೆ ಹೊಂದಿಸುವ ವಿಧಾನ. ಒಳ್ಳೆಯದೇ, ಆದರೆ ಅಜಾಗರೂಕತೆಯಿಂದ ಬಳಸಿದರೆ ಮಾದರಿಯ ಏರಿಳಿತದ ಪ್ರವೃತ್ತಿಯನ್ನೇ ಹಿಗ್ಗಿಸಿಯೋ ಕುಗ್ಗಿಸಿಯೋ ಬಿಡುತ್ತದೆ. ದಾಖಲೆಯಲ್ಲೇ ಇಲ್ಲದಷ್ಟು ದೊಡ್ಡ ಮಳೆಗೆ ಹೊಂದಿಸಲು ಅಳತೆಯೂ ಇರುವುದಿಲ್ಲ. ಅಂಥ ಬಿರುಮಳೆಯ ಅಂಕಿಯನ್ನೇ ದಶಮಾಂಶ ಸಮೇತ ಉಲ್ಲೇಖಿಸುವವರ ಧೈರ್ಯ ದೊಡ್ಡದು.

ಉಷ್ಣಾಂಶವನ್ನೂ ಮಳೆಯನ್ನೂ ಬೇರೆ ಬೇರೆಯಾಗಿ ತಿದ್ದಿದಾಗ ಅವುಗಳ ನಡುವಿನ ನಂಟು ಸಡಿಲವಾಗಬಹುದು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬಿದ್ದದ್ದು ಹಿಮವೋ ಮಳೆಯೋ ಎಂಬುದೇ ಆಗ ಅದಲುಬದಲಾಗುತ್ತದೆ, ನದಿಯ ಹರಿವಿನ ಲೆಕ್ಕ ತಿಂಗಳುಗಟ್ಟಲೆ ಹಿಂದುಮುಂದಾಗುತ್ತದೆ.