ಮಿಕ್ಸರ್ ಪಕ್ಕಕ್ಕಿಡಿ, ಮಗು ಅಗಿಯಲಿ

ಮಾತು ತಡವಾಗಿದೆ ಅಂತ ಮಗುವನ್ನು ಕರೆತಂದವರಿಗೆ ನಾನು ಊಟದ ಬಗ್ಗೆಯೂ ಕೇಳುತ್ತೇನೆ. "ಊಟದ್ದೇನೂ ತ್ರಾಸಿಲ್ರೀ ಮೇಡಂ, ಮಿಕ್ಸರ್‌ನ್ಯಾಗ ತಿರುವಿ ಕೊಟ್ರ ಗಟಗಟ ನುಂಗ್ತಾನ" ಅನ್ನುತ್ತಾರೆ. ಮಗುವಿಗೆ ಎರಡೂವರೆ, ಮೂರು ವರ್ಷ ಆಗಿರುತ್ತದೆ. ಹುಬ್ಬಳ್ಳಿಯಲ್ಲಿ ಮಕ್ಕಳ ಮಾತು ಮತ್ತು ನುಂಗುವ ತೊಂದರೆಗಳಿಗೆ ಚಿಕಿತ್ಸೆ ಕೊಡುವ ನನಗೆ ಈ ಉತ್ತರ ಕೇಳಿ ಕೇಳಿ ಸಾಕಾಗಿದೆ. ತೂಕ ಸರಿಯಿದೆ, ಹೊಟ್ಟೆ ತುಂಬಿದೆ ಅಂದ ಮಾತ್ರಕ್ಕೆ ಊಟ ಸರಿಯಿದೆ ಎಂದಲ್ಲ.

ಪುಟ್ಟ ಮಕ್ಕಳ ಊಟದ ತೊಂದರೆ ಅಪರೂಪದ್ದೇನಲ್ಲ. ಚೆನ್ನಾಗಿ ಬೆಳೆಯುತ್ತಿರುವ ಮಕ್ಕಳಲ್ಲೇ ನೂರಕ್ಕೆ 25ರಿಂದ 45 ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಇದು ಇರುತ್ತದೆ. ಬೆಳವಣಿಗೆ ನಿಧಾನವಿರುವ ಮಕ್ಕಳಲ್ಲಿ 80ರವರೆಗೂ ಹೋಗುತ್ತದೆ. ಚೆನ್ನಾಗಿ ಬೆಳೆಯುತ್ತಿರುವವರಲ್ಲಿ ಹೆಚ್ಚಿನವರು ತಾವಾಗಿಯೇ ಸರಿಹೋಗುತ್ತಾರೆ. ವರ್ಷ ತುಂಬಿದ ಮೇಲೆ ತೂಕ ಏರುವ ವೇಗ ಇಳಿಯುತ್ತದೆ, ಹಸಿವೂ ಇಳಿಯುತ್ತದೆ. ಅದಕ್ಕೆ ಸುಮ್ನೆ ಟಾನಿಕ್ ಕುಡಿಸಬೇಡಿ, ತಟ್ಟೆ ಹಿಡಿದು ಬೆನ್ನಟ್ಟಲೂಬೇಡಿ.

ಚಿಕಿತ್ಸೆ ಬೇಕಾಗುವ ತೊಂದರೆ ಬೇರೆ. 2019ರಲ್ಲಿ ತಜ್ಞರು ಕೂಡಿ ಅದನ್ನು ಹೀಗೆ ಗುರುತಿಸಿದರು: ಮಗು ತನ್ನ ವಯಸ್ಸಿಗೆ ತಕ್ಕಂತೆ ತಿನ್ನದೆ ಕನಿಷ್ಠ 2 ವಾರ ಆಗಿರಬೇಕು. ಜೊತೆಗೆ ದೇಹದ ಕಾಯಿಲೆ, ಪೋಷಣೆಯ ಕೊರತೆ, ತಿನ್ನುವ ಕೌಶಲ, ಮನಸ್ಸು ಮತ್ತು ಮನೆಯ ವಾತಾವರಣ, ಇವುಗಳಲ್ಲಿ ಒಂದಾದರೂ ಕಾರಣ ಕಾಣಬೇಕು. ಅಮೆರಿಕದಲ್ಲಿ 5 ವರ್ಷದೊಳಗಿನ 23ರಿಂದ 37 ಮಕ್ಕಳಲ್ಲಿ ಒಬ್ಬರಿಗೆ ಇದು ಇದೆ ಅಂತ 2021ರಲ್ಲಿ ಲೆಕ್ಕ ಹಾಕಿದ್ದಾರೆ. ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಹಾಗೇ ತಂದು ಕೂರಿಸಲಾಗದು. ಆದರೂ ಕಡಿಮೆ ಏನಲ್ಲ, ಅಲ್ವಾ?

ಆ ನಾಲ್ಕು ಕಾರಣಗಳಲ್ಲಿ ಮನೆಯವರ ಗಮನಕ್ಕೆ ಬಾರದೇ ಹೋಗುವುದು ಕೌಶಲ. ಹೀರಿ ನುಂಗುವುದು ಹುಟ್ಟುತ್ತಲೇ ಬರುತ್ತದೆ. ಅಗಿಯುವುದು ಹಾಗಲ್ಲ, ಅದನ್ನು ಕಲಿಯಬೇಕು. ಸದಾ ಕಂಕುಳಲ್ಲೇ ಹೊತ್ತು ತಿರುಗಿದರೆ ಮಗು ನಡೆಯುವುದನ್ನು ಯಾವಾಗ ಕಲಿಯಬೇಕು? ಆರು ತಿಂಗಳಿಗೆ ಮೆತ್ತನೆಯ ಊಟ ಶುರುವಾಗಿ, ಒಂಬತ್ತು ಹತ್ತು ತಿಂಗಳ ಹೊತ್ತಿಗೆ ಬಾಯಿಗೆ ಸಣ್ಣ ಸಣ್ಣ ಗಂಟುಗಳು ಸಿಗುತ್ತಿರಬೇಕು. ಅದು ತಡವಾದ ಮಕ್ಕಳಲ್ಲಿ ಮುಂದೆ ಊಟದ ತಕರಾರು ಜಾಸ್ತಿ ಅಂತ ಅಧ್ಯಯನಗಳು ತೋರಿಸಿವೆ. "ದವಡಿ ಹಲ್ಲು ಬರಲಿ ತಡೀರಿ" ಅನ್ನುತ್ತಾರೆ. ಮೆತ್ತನೆಯ ತುಂಡು ಹಿಸುಕಲು ಮಗುವಿನ ವಸಡೇ ಸಾಕು.

ಕುಂದಗೋಳ ಕಡೆಯ ಒಬ್ಬ ಹುಡುಗ ಬರುತ್ತಿದ್ದ. ಮೂರು ತುಂಬಿತ್ತು, ಗುಂಡು ಗುಂಡಾಗಿದ್ದ. ಬೆಂದ ಬಟಾಟಿಯ ಸಣ್ಣ ತುಂಡು ಕೊಟ್ಟೆ. ಅದು ನಾಲಿಗೆಯ ನಡುವೆ ಕೂತಿತು. ನಾಲಿಗೆ ಹಿಂದೆ ಮುಂದೆ ಮಾತ್ರ ಆಡಿತು, ಹಾಲು ಹೀರುವಾಗ ಆಡುವ ಹಾಗೆ. ದವಡೆ ಅಲುಗಲಿಲ್ಲ. ಬಟಾಟಿ ಅಂಗುಳಿಗೆ ಅಂಟಿತು, ಕಣ್ಣಲ್ಲಿ ನೀರು ತುಂಬಿತು, ಓಕರಿಸಿ ಹೊರಗೆ ಹಾಕಿದ. "ನೋಡ್ರೀ, ಹಿಂಗ ಹಟಾ ಮಾಡ್ತಾನ" ಅಂದರು ಅವನ ಆಯಿ, ಅಂದರೆ ಅಜ್ಜಿ. ತುಂಡನ್ನು ಪಕ್ಕದ ಹಲ್ಲಿನತ್ತ ತಳ್ಳಲು ಆ ನಾಲಿಗೆಗೆ ಬರುತ್ತಲೇ ಇರಲಿಲ್ಲ. ಬಾರದ ಕೆಲಸಕ್ಕೆ ಮಗುವಿನ ಬೆನ್ನಿಗೆ ಗುದ್ದು ಬೀಳುತ್ತಿತ್ತು.

ಓಕರಿಕೆ ಬಂದ ಕೂಡಲೇ ಮನೆಯವರು ಹೆದರಿ ಮತ್ತೆ ಮಿಕ್ಸರ್‌ಗೆ ಹೋಗುತ್ತಾರೆ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಓಕರಿಕೆ ಬೇರೆ, ಗಂಟಲಿಗೆ ಸಿಕ್ಕು ಉಸಿರುಕಟ್ಟುವುದು ಬೇರೆ. ಓಕರಿಸುವ ಮಗು ಸದ್ದು ಮಾಡುತ್ತದೆ, ಮುಖ ಕೆಂಪಾಗುತ್ತದೆ, ತುಂಡು ಮುಂದೆ ಬರುತ್ತದೆ. ಉಸಿರುಕಟ್ಟಿದ ಮಗುವಿಗೆ ಅಳಲೂ ಆಗುವುದಿಲ್ಲ, ಕೆಮ್ಮಲೂ ಆಗುವುದಿಲ್ಲ. ಅದು ತುರ್ತು. ಶೇಂಗಾ, ಪುಠಾಣಿ, ಇಡೀ ದ್ರಾಕ್ಷಿಯನ್ನು ಪುಟ್ಟ ಮಕ್ಕಳ ಕೈಗೆ ಕೊಡಲೇಬೇಡಿ ಅನ್ನುವುದು ಇದಕ್ಕೇ.

ನಮ್ಮ ಅಡುಗೆಮನೆಯಲ್ಲೇ ಇದಕ್ಕೆ ಬೇಕಾದದ್ದೆಲ್ಲ ಇದೆ. ಮಿಕ್ಸರ್ ಬಿಟ್ಟು ಕೈಯಲ್ಲಿ ಮಿದ್ದ ಅನ್ನ ಬ್ಯಾಳಿ. ಆಮೇಲೆ ಮೆತ್ತಗೆ ಬೆಂದ ಜೋಳದ ನುಚ್ಚು. ಅದರಷ್ಟು ಹಿತವಾದ ಗಂಟುಗಂಟಾದ ಊಟ ನನಗೆ ಬೇರೆ ಗೊತ್ತಿಲ್ಲ. ಆಮೇಲೆ ಬ್ಯಾಳಿಯಲ್ಲಿ ನೆನೆಸಿದ ರೊಟ್ಟಿಯ ಸಣ್ಣ ಚೂರು. ಅದನ್ನು ನಾಲಿಗೆಯ ಮೇಲಿಡದೆ ಕೆನ್ನೆಯ ಪಕ್ಕ, ವಸಡಿನ ಮೇಲಿಡಬೇಕು. ನಾಲಿಗೆ ಆ ಕಡೆ ಹುಡುಕಿಕೊಂಡು ಹೋಗುತ್ತದೆ, ದವಡೆ ಆಡುತ್ತದೆ. ಒಂದು ಊಟಕ್ಕೆ ನಾಲ್ಕೈದು ತುತ್ತು ಹೀಗೆ ಸಾಕು, ಉಳಿದದ್ದು ಮಗುವಿಗೆ ರೂಢಿಯಿದ್ದಂತೆ. ಆ ಹುಡುಗನ ಆಯಿ ಎದುರಿಗೆ ಕೂತು ತಾವೂ ಬಾಯಿ ತೆರೆದು ತೋರಿಸಿ ತೋರಿಸಿ ಅಗಿಯುತ್ತಿದ್ದರು. ನಾನು ಹೇಳಿಕೊಟ್ಟದ್ದಲ್ಲ. ಅವನು ಅವರನ್ನು ನೋಡಿಯೇ ಜಾಸ್ತಿ ಕಲಿತ.

ಎಲ್ಲ ಮಕ್ಕಳಿಗೂ ಇದು ಒಗ್ಗುತ್ತದೆ ಅಂತ ಹೇಳಲಾರೆ. ತಿನ್ನುವಾಗ ಪದೇ ಪದೇ ಕೆಮ್ಮುವುದು, ಕುಡಿದ ಮೇಲೆ ದನಿ ಗೊರಗೊರ ಆಗುವುದು, ಮತ್ತೆ ಮತ್ತೆ ನ್ಯುಮೋನಿಯಾ, ತೂಕ ನಿಂತುಬಿಡುವುದು ಇದ್ದರೆ ಮನೆಯಲ್ಲಿ ಏನನ್ನೂ ಪ್ರಯೋಗ ಮಾಡಬೇಡಿ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಆಟಿಸಂ ಇರುವ ಮಕ್ಕಳಲ್ಲಿ ಮುಟ್ಟಿದ್ದರ, ಕಚ್ಚಿದ್ದರ ಅನುಭವವೇ ಕಿರಿಕಿರಿ ಇರಬಹುದು. ಅವರ ದಾರಿ ಬೇರೆ.

ನನ್ನ ಹತ್ತಿರ ಬರುವಾಗ ಎರಡು ಡಬ್ಬಿ ತನ್ನಿ. ಒಂದರಲ್ಲಿ ಮಗು ತಿನ್ನುವ ಊಟ, ಇನ್ನೊಂದರಲ್ಲಿ ಬೇಡ ಅನ್ನುವ ಊಟ. ಮನೆಯಲ್ಲಿ ಊಟ ಮಾಡುವಾಗಿನ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಮತ್ತೆ, ದಿನಾ ಉಣಿಸುವವರು ಆಯಿಯಾದರೆ ಆಯಿಯನ್ನೇ ಕರೆದುಕೊಂಡು ಬನ್ನಿ.