ಒಂದು ಪದ ಬದಲಾದ ಒಂಬತ್ತನೇ ಸಿಂಫನಿ

ಬೇತೊವನ್‌ನ ಒಂಬತ್ತನೇ ಸಿಂಫನಿಯನ್ನು (ವಾದ್ಯವೃಂದಕ್ಕೆ ಬರೆದ ನಾಲ್ಕು ಭಾಗಗಳ ಕೃತಿ) ಹೊಸದಾಗಿ ಕೇಳುವವರಿಗೆ ನಾನು ಹೇಳುವುದು ಒಂದೇ ಕಛೇರಿ: 1989ರ ಡಿಸೆಂಬರ್ 25ರಂದು ಪೂರ್ವ ಬರ್ಲಿನ್‌ನ ಷೌಸ್ಪೀಲ್‌ಹೌಸ್ ಸಭಾಂಗಣದಲ್ಲಿ ಅಮೆರಿಕದ ಕಂಡಕ್ಟರ್ ಲೆನರ್ಡ್ ಬರ್ನ್‌ಸ್ಟೈನ್ ನಡೆಸಿದ್ದು. ಅದರ ವಿಡಿಯೊ ಇದೆ. ಇದಕ್ಕಿಂತ ಬಿಗಿಯಾದ ನುಡಿಸಾಣಿಕೆಗಳಿವೆ, ಮೂರನೇ ಭಾಗವನ್ನಂತೂ ಅವರು ಸುಮಾರು 20 ನಿಮಿಷ ಎಳೆದಿದ್ದಾರೆ. ಆದರೂ ಕಲಿಯುವವರಿಗೆ ಇದೇ ಒಳ್ಳೆಯದು ಅನ್ನುತ್ತೇನೆ.

ಬರ್ಲಿನ್ ಗೋಡೆ ತೆರೆದದ್ದು ಅದೇ ವರ್ಷದ ನವೆಂಬರ್ 9ರಂದು. ಆರು ವಾರ ಕಳೆದಿತ್ತು, ಅಷ್ಟೆ. ಬವೇರಿಯನ್ ರೇಡಿಯೊ ವಾದ್ಯವೃಂದದ ಜೊತೆಗೆ ಡ್ರೆಸ್ಡನ್, ಲೆನಿನ್‌ಗ್ರಾಡ್, ಲಂಡನ್, ನ್ಯೂಯಾರ್ಕ್, ಪ್ಯಾರಿಸ್‌ಗಳ ವಾದಕರು ಕೂತಿದ್ದರು. ಎರಡನೇ ಮಹಾಯುದ್ಧದ ನಂತರ ಜರ್ಮನಿಯನ್ನು ಹಂಚಿಕೊಂಡಿದ್ದ ನಾಲ್ಕೂ ದೇಶಗಳವರು ಅಲ್ಲಿದ್ದರು. ಅವರ ಹಿಂದೆ ಕೋರಸ್‌ನಲ್ಲಿ, ಅಂದರೆ ಹಾಡುವವರ ಗುಂಪಿನಲ್ಲಿ, ಡ್ರೆಸ್ಡನ್‌ನ ಮಕ್ಕಳೂ ಇದ್ದರು.

ಮೊದಲ ಮೂರು ಭಾಗ ಮುಗಿಯುವವರೆಗೆ, ಅಂದರೆ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು, ಈ ಕೋರಸ್ ಹಾಡುವುದೇ ಇಲ್ಲ. ಆಡಿಯೊ ಕೇಳಿದರೆ ಇದು ಗೊತ್ತಾಗದು. ನೋಡಿದಾಗ ಮಾತ್ರ ಆ ಕಾಯುವಿಕೆ ಮನಸ್ಸಿಗೆ ತಟ್ಟುತ್ತದೆ.

ನಾಲ್ಕನೇ ಭಾಗ ಶುರುವಾಗುವುದೇ ಅಪಸ್ವರದ ಅಬ್ಬರದಿಂದ. ಸೆಲ್ಲೊ, ಡಬಲ್ ಬಾಸ್ ಎಂಬ ತಗ್ಗುದನಿಯ ತಂತಿವಾದ್ಯಗಳು ಮಾತಾಡುವ ಧಾಟಿಯಲ್ಲಿ ಅದಕ್ಕೆ ಎದುರು ನುಡಿಯುತ್ತವೆ. ಹಿಂದಿನ ಮೂರೂ ಭಾಗಗಳ ತುಣುಕುಗಳು ಒಂದೊಂದಾಗಿ ಮರಳಿ ಬರುತ್ತವೆ, ಸೆಲ್ಲೊಗಳು ಒಂದೊಂದನ್ನೂ ಬದಿಗೆ ಸರಿಸುತ್ತವೆ. ಆಮೇಲೆ ಅವೇ ವಾದ್ಯಗಳು ಯಾವ ಆಸರೆಯೂ ಇಲ್ಲದೆ, ಮೆಲ್ಲಗೆ, ಆ ಹೆಸರಾಂತ ಧಾಟಿಯನ್ನು ಎತ್ತಿಕೊಳ್ಳುತ್ತವೆ.

ಈ ಧಾಟಿಯ ಸ್ವರಶ್ರೇಣಿಗೆ ಡಿ ಮೇಜರ್ ಎಂದು ಹೆಸರು, ಗಾಬರಿ ಬೇಡ. ಡಿ ಎಂಬ ಸ್ವರವನ್ನು ಷಡ್ಜ ಮಾಡಿಕೊಂಡು ಶಂಕರಾಭರಣದ ಸ್ವರಗಳಲ್ಲಿ ಹಾಡಿ ನೋಡಿ, ಗಮಕ ಬೇಡ:

ಗ ಗ ಮ ಪ | ಪ ಮ ಗ ರಿ | ಸ ಸ ರಿ ಗ | ಗ ರಿ ರಿ

ಎರಡನೇ ಸಾಲೂ ಹೀಗೆಯೇ, ಕೊನೆಗೆ ಮಾತ್ರ ಸ ಮೇಲೆ ನಿಲ್ಲುತ್ತದೆ. ಒಂದೊಂದೇ ಮೆಟ್ಟಿಲು ಹತ್ತಿ ಇಳಿಯುವ, ಯಾರ ಗಂಟಲಿಗೂ ನಿಲುಕುವ ಧಾಟಿ. ಮೂರನೇ ಸಾಲಿನ ಕೊನೆಯಲ್ಲಿ ಮಂದ್ರ ಪಂಚಮಕ್ಕೆ ಇಳಿದ ಕೂಡಲೇ ನಾಲ್ಕನೇ ಸಾಲಿನ ಗಾಂಧಾರ ಒಂದು ಎಣಿಕೆ ಮೊದಲೇ ಬಂದುಬಿಡುತ್ತದೆ. ತಾಳ ಹಾಕುತ್ತಾ ಹಾಡಿದರೆ ಈ ಎತ್ತುಗಡೆಯ ಸೊಗಸು ಕೈಗೇ ತಿಳಿಯುತ್ತದೆ. ನನಗೆ ಇಡೀ ಧಾಟಿಯ ಜೀವ ಇರುವುದೇ ಇಲ್ಲಿ.

ಅಬ್ಬರ ಮತ್ತೊಮ್ಮೆ ಬರುತ್ತದೆ. ಈ ಸಲ ಎದುರು ನಿಲ್ಲುವುದು ಮನುಷ್ಯನ ದನಿ. "ಓ ಗೆಳೆಯರೇ, ಈ ಸ್ವರಗಳು ಬೇಡ" ಎಂಬರ್ಥದ ಈ ಮಾತು ಬೇತೊವನ್‌ನದೇ. ಮುಂದಿನದು ಜರ್ಮನ್ ಕವಿ ಶಿಲ್ಲರ್ 1785ರಲ್ಲಿ ಬರೆದ ಕವಿತೆಯಿಂದ ಆಯ್ದ ಸಾಲುಗಳು. ಅದರ ಮೊದಲ ಪದ 'ಫ್ರಾಯ್ಡೆ', ಅಂದರೆ ಆನಂದ. ಬರ್ನ್‌ಸ್ಟೈನ್ ಅಂದು ಅದರ ಜಾಗದಲ್ಲಿ 'ಫ್ರೈಹೈಟ್', ಸ್ವಾತಂತ್ರ್ಯ, ಎಂದು ಹಾಡಿಸಿದರು. ಶಿಲ್ಲರ್ ಮೊದಲು ಹಾಗೆಯೇ ಬರೆದಿದ್ದ ಎಂಬ ಹಳೆಯ ಮಾತೊಂದಿದೆ. ಅದಕ್ಕೆ ಗಟ್ಟಿ ಆಧಾರವಿಲ್ಲ, ಪರೀಕ್ಷೆಯಲ್ಲಿ ಅದನ್ನು ಸಂಗತಿ ಎಂದು ಬರೆಯಬೇಡಿ.

ಪದ ಬದಲಾದರೂ ಸಂಗೀತ ಏಕೆ ಮುರಿಯಲಿಲ್ಲ? ಎರಡಕ್ಕೂ ಎರಡೇ ಉಚ್ಚಾರಾಂಶ, ಒತ್ತು ಎರಡರಲ್ಲೂ ಮೊದಲನೆಯದರ ಮೇಲೆ. ಜರ್ಮನ್‌ನಲ್ಲಿ ಎರಡೂ ಸ್ತ್ರೀಲಿಂಗ, ಹಾಗಾಗಿ ಮುಂದಿನ ಸಾಲಿನಲ್ಲಿ ಅವಳನ್ನು 'ಮಗಳೇ' ಎಂದು ಕರೆಯುವುದಕ್ಕೂ ಅಡ್ಡಿಯಿಲ್ಲ. ಒಂದು ಸ್ವರವನ್ನೂ ತಿದ್ದಬೇಕಾಗಿಲ್ಲ.

ಆಮೇಲೆ ತಾಳವಾದ್ಯಗಳ ತುರ್ಕಿ ಮಾರ್ಚ್ (ಹೆಜ್ಜೆ ಹಾಕುವ ಲಯದ ಸಂಗೀತ), ಟ್ರೊಂಬೋನ್‌ಗಳ ಗಂಭೀರ ಭಾಗ, ಎರಡು ಧಾಟಿಗಳು ಹೆಣೆದುಕೊಳ್ಳುವ ಫ್ಯೂಗ್ ಬರುತ್ತವೆ. ಅವುಗಳಿಗೆ ಇನ್ನೊಂದು ಟಿಪ್ಪಣಿಯೇ ಬೇಕು. ಸದ್ಯಕ್ಕೆ ಏಕಗಾಯಕ ಆ ಪದವನ್ನು ಕೂಗಿ, ಕೋರಸ್‌ನ ಗಂಡುದನಿಗಳು ಅದನ್ನೇ ಮರಳಿ ಕೂಗುವ ಜಾಗಕ್ಕೆ ಬನ್ನಿ. ಅಲ್ಲಿ ನಿಲ್ಲಿಸಿ, ಹಿಂದೆ ಹೋಗಿ, ಇನ್ನೊಮ್ಮೆ ಕೇಳಿ. ಅಷ್ಟು ಹೊತ್ತು ಬಾಯಿ ಬಿಡದೆ ಕೂತಿದ್ದವರ ಮೊದಲ ಮಾತು ಅದು.