ವರ್ಷಕ್ಕ 9,000 ಅಂತಾರ, ಜಿಮ್ ಸೇರಲೋ ಬ್ಯಾಡೋ?

ಓದುಗರ ಪ್ರಶ್ನೆ: "ನಮಸ್ಕಾರ್ರೀ. ನಾ ಬೆಳಗಾವಿ ವಡಗಾವ್ಯಾಗ ಇರತೀನ್ರಿ, ಉದ್ಯಮಬಾಗ್‌ನ್ಯಾಗ ಮಶೀನ್ ಶಾಪ್ ಕೆಲಸ, ಪಾಳಿ ಬದಲಾಗತಾವ. ವಯಸ್ಸು 36, ಹಿಂದ ಎಂದೂ ಜಿಮ್‌ಗೆ ಹೋದಾಂವಲ್ಲ. ಟಿಳಕವಾಡಿ ಕಡೆ ಕಡಿಮಿ ರೇಟಿನ ದೊಡ್ಡ ಕಂಪನಿ ಜಿಮ್ ಒಂದು ಶಾಖೆ ತಗದೈತಿ. ವರ್ಷಕ್ಕ 9,000, ಮೂರು ತಿಂಗಳಿಗೆ 3,600, ನೋಂದಣಿ ಫೀ 500, ಮ್ಯಾಲ ಜಿಎಸ್‌ಟಿ. ನಮ್ಮ ಓಣ್ಯಾಗಿನ ಹಳೇ ಜಿಮ್‌ನ್ಯಾಗ ತಿಂಗಳಿಗೆ 800. 'ಇವತ್ತ ರೊಕ್ಕ ಕಟ್ಟಿದ್ರಷ್ಟ ಈ ರೇಟು' ಅಂತ ದಿನಾ ಫೋನ್ ಮಾಡಾಕತ್ತಾರ. ಸೇರಲೋ ಬ್ಯಾಡೋ ಹೇಳ್ರಿ."

ಉತ್ತರ: ಸೇರಬಹುದು. ಆದರೆ ಇವತ್ತು ಬೇಡ, ವರ್ಷಕ್ಕೂ ಬೇಡ. ನೀವು ವ್ಯಾಯಾಮ ಮಾಡಬೇಕೆಂದಿರುವ ಹೊತ್ತಿಗೇ ಒಮ್ಮೆ ಒಳಗೆ ಹೋಗಿ ನೋಡಿ, ಸರಿ ಕಂಡರೆ ಮೂರು ತಿಂಗಳಿಗೆ ಮಾತ್ರ ಕಟ್ಟಿ. ಫೋನಿನ ಅವಸರಕ್ಕೆ ಸೋಲಬೇಡಿ. ಇಂಥ ರಿಯಾಯಿತಿ ಸಾಮಾನ್ಯವಾಗಿ ತಿಂಗಳ ಕೊನೆಯ ಮಾರಾಟದ ಗುರಿಗಾಗಿ ಇರುತ್ತದೆ. ಗಣಪತಿ ಹಬ್ಬಕ್ಕೆ ತಪ್ಪಿದರೆ ದೀಪಾವಳಿಗೆ, ಅದೂ ತಪ್ಪಿದರೆ ಹೊಸ ವರ್ಷಕ್ಕೆ ಮತ್ತೆ ಸಿಗುತ್ತದೆ.

ಮೂರು ತಿಂಗಳು ಯಾಕೆ ಅನ್ನುವುದಕ್ಕೆ ನೀವು ಬರೆದ ಅಂಕಿಗಳಲ್ಲೇ ಉತ್ತರವಿದೆ. ವಾರ್ಷಿಕ 9,000ಕ್ಕೆ ನೋಂದಣಿಯ 500 ಸೇರಿ 9,500, ಅದರ ಮೇಲೆ ಶೇ 5 ಜಿಎಸ್‌ಟಿ ಹಾಕಿದರೆ 9,975 ರೂಪಾಯಿ. ಮೂರು ತಿಂಗಳ ಯೋಜನೆ 3,600ಕ್ಕೆ ಇದೇ ಲೆಕ್ಕ ಹಾಕಿದರೆ 4,305. ಮೂರು ತಿಂಗಳಿಗೆ ಬಿಟ್ಟುಬಿಟ್ಟಿರಿ ಅಂದುಕೊಳ್ಳಿ, ವಾರ್ಷಿಕ ಕಟ್ಟಿದವರಿಗೆ 5,670 ರೂಪಾಯಿ ನಷ್ಟ. ವರ್ಷಪೂರ್ತಿ ಹೋದಿರಿ, ಆದರೆ ಮೂರು ಮೂರು ತಿಂಗಳಂತೆ ನಾಲ್ಕು ಸಲ ಕಟ್ಟಿದಿರಿ (ನೋಂದಣಿ ಫೀ ಮೊದಲ ಸಲ ಮಾತ್ರ) ಅಂದುಕೊಳ್ಳಿ, ಆಗ ಒಟ್ಟು 15,645. ವಾರ್ಷಿಕಕ್ಕಿಂತ ಹೆಚ್ಚು ಹೋಗಿದ್ದು ಅದೇ 5,670. ಅಂದರೆ ಲಾಭವೂ ಅಷ್ಟೇ, ನಷ್ಟವೂ ಅಷ್ಟೇ. ಆರು ತಿಂಗಳಿಗೆ ನಿಲ್ಲಿಸಿದರೂ ಬಿಡಿ ಕಂತು 8,085ಕ್ಕೆ ಮುಗಿಯುತ್ತದೆ, ವಾರ್ಷಿಕಕ್ಕಿಂತ ಕಡಿಮೆಯೇ. ಏಳನೇ ತಿಂಗಳಿಗೆ ಮೂರನೇ ಕಂತು ಕಟ್ಟುವಾಗಷ್ಟೇ ವಾರ್ಷಿಕ ಯೋಜನೆ ಅಗ್ಗವಾಗುತ್ತದೆ. ಎಂದೂ ಜಿಮ್ ಮೆಟ್ಟಿಲು ಹತ್ತದ ವ್ಯಕ್ತಿ, ಪಾಳಿ ಕೆಲಸ ಬೇರೆ. ಏಳನೇ ತಿಂಗಳವರೆಗೆ ಬಿಡದೆ ಹೋಗುತ್ತೇನೆಂದು ಮೊದಲ ದಿನವೇ 9,975 ಪಣಕ್ಕಿಡುವುದು ಜಾಣತನವಲ್ಲ. ಮೊದಲು ಮೂರು ತಿಂಗಳು ಹೋಗಿ, ರೂಢಿಯಾದರೆ ಆಮೇಲೆ ವಾರ್ಷಿಕ ತಗೊಳ್ಳಿ. ಆಗ ಎರಡನೇ ಸಲ ನೋಂದಣಿ ಫೀ ಕೇಳುವುದಿಲ್ಲ ಎಂಬ ಮಾತನ್ನು ಈಗಲೇ ಬರೆಸಿಕೊಳ್ಳಿ. ಹದಿನೈದು ತಿಂಗಳಿಗೆ 13,755, ತಿಂಗಳಿಗೆ ಹತ್ತಿರಹತ್ತಿರ 917 ಬೀಳುತ್ತದೆ.

ತೆರಿಗೆ ಎಷ್ಟು ಹಚ್ಚುತ್ತಾರೆಂದು ಗಮನಿಸಿ. ಜಿಮ್ ಸೇವೆಯ ಜಿಎಸ್‌ಟಿ ಮೊದಲು ಶೇ 18 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಕೌಂಟರಿನಲ್ಲಿ ಹಳೆಯ ದರಪಟ್ಟಿ ಇಟ್ಟುಕೊಂಡು 18 ಎಂದರೆ ಒಪ್ಪಬೇಡಿ. ಓಣಿಯ ಸಣ್ಣ ಜಿಮ್‌ನ ವಾರ್ಷಿಕ ವಹಿವಾಟು 20 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಅಲ್ಲಿ 800 ಅಂದರೆ 800.

ಇಷ್ಟು ಕಡಿಮೆಗೆ ಅವರಿಗೆ ಹೇಗೆ ಗಿಟ್ಟುತ್ತದೆ? ಬಾಡಿಗೆ, ಕರೆಂಟ್ ಬಿಲ್, ಯಂತ್ರದ ಸಾಲ, ಇವು ನೂರು ಜನ ಬಂದರೂ ಅಷ್ಟೇ, ಮುನ್ನೂರು ಜನ ಬಂದರೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಒಂದೇ ಹೊತ್ತಿಗೆ ಒಳಗೆ ಹಿಡಿಸುವುದಕ್ಕಿಂತ ಎಷ್ಟೋ ಪಟ್ಟು ಸದಸ್ಯತ್ವ ಮಾರುತ್ತಾರೆ. ರೊಕ್ಕ ಕಟ್ಟಿ ಬಾರದವರಿಂದಲೇ ಕಡಿಮೆ ದರ ನಡೆಯುತ್ತದೆ. ಅಮೆರಿಕದ ಮೂರು ಜಿಮ್‌ಗಳ ದಾಖಲೆ ಇಟ್ಟುಕೊಂಡು ಮಾಡಿದ, 2006ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕಟ್ಟುತ್ತಿದ್ದವರು ಸರಾಸರಿ ಹೋಗುತ್ತಿದ್ದುದು ತಿಂಗಳಿಗೆ 4.3 ಸಲ. ಹತ್ತು ಸಲದ ಪಾಸ್ ಕೊಂಡಿದ್ದರೆ ಒಂದು ಸಲಕ್ಕೆ 10 ಡಾಲರ್‌ಗೆ ಮುಗಿಯುತ್ತಿತ್ತು, ಅವರಿಗೆ ಬಿದ್ದದ್ದು 17ಕ್ಕಿಂತ ಹೆಚ್ಚು. ಅವರ್‍ಯಾರೂ ದಡ್ಡರಲ್ಲ. ಸೇರುವ ದಿನ ಮನಸ್ಸಿಗೆ ಇರುವ ಹುರುಪನ್ನೇ ನಂಬಿ ಲೆಕ್ಕ ಹಾಕಿದ್ದರು, ಎಲ್ಲರೂ ಹಾಗೇ ಹಾಕುತ್ತಾರೆ. ನೀವು ನಿಜವಾಗಿ ವಾರಕ್ಕೆ ಮೂರು ದಿನ ಹೋಗುವವರಾದರೆ ಈ ವ್ಯವಸ್ಥೆ ನಿಮಗೆ ಒಳ್ಳೆಯದೇ. ಹೋಗುವ ಹೊತ್ತು ಮಾತ್ರ ಖಾಲಿ ಇರಬೇಕು.

ಆ ಹೊತ್ತು ನಿಮಗೆ ಎಲ್ಲಕ್ಕಿಂತ ದೊಡ್ಡ ವಿಷಯ. ಬೆಳಗ್ಗೆ 6ರಿಂದ 8, ಸಂಜೆ 6ರಿಂದ 9 ಎಲ್ಲ ಕಡೆ ಗದ್ದಲ. ಒಬ್ಬರು, ಸರಳು ಹೊತ್ತು ಬೈಠಕ್ ಹೊಡೆಯುವ ಸ್ಕ್ವಾಟ್ ರ್‍ಯಾಕ್‌ನಲ್ಲಿ ಮೂರು ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು ಅಂದರೆ ಒಂದು ಸೆಟ್) ಮಾಡಿ, ನಡುವೆ ಎರಡೆರಡು ನಿಮಿಷ ದಣಿವಾರಿಸಿಕೊಂಡರೆ ಏಳೆಂಟು ನಿಮಿಷ ಬೇಕು. ನಿಮ್ಮ ಮುಂದೆ ಮೂವರಿದ್ದರೆ ಆ ಒಂದು ವ್ಯಾಯಾಮಕ್ಕೇ ಇಪ್ಪತ್ತೈದು ನಿಮಿಷ ಕಾಯಬೇಕು. ಪಾಳಿ ಕೆಲಸದವರಿಗೆ ಇಲ್ಲಿ ಅನುಕೂಲವಿದೆ: ಮೊದಲ ಪಾಳಿ ಮುಗಿಸಿ ಸಂಜೆ ನಾಲ್ಕಕ್ಕೆ, ಎರಡನೇ ಪಾಳಿ ಇದ್ದ ವಾರ ಬೆಳಗ್ಗೆ ಹತ್ತಕ್ಕೆ ಹೋದರೆ ಯಂತ್ರಗಳು ಖಾಲಿ. ಆದರೆ ಎಷ್ಟೋ ಜಿಮ್‌ಗಳು ನಡುಮಧ್ಯಾಹ್ನ ಬಾಗಿಲು ಹಾಕುತ್ತವೆ, ಭಾನುವಾರ ಅರ್ಧ ದಿನ ಇಲ್ಲವೇ ಪೂರ್ತಿ ರಜೆ. ನಿಮ್ಮ ಮೂರೂ ಪಾಳಿಗೆ ಸಮಯ ಹೊಂದುತ್ತದೆಯೇ ಎಂದು ಕೇಳಿ. ಗದ್ದಲವಿಲ್ಲದ ಹೊತ್ತಿಗೆ ಮಾತ್ರ ಬರುವವರಿಗೆ ಕಡಿಮೆ ದರವಿದೆಯೇ ಎಂದೂ ಕೇಳಿ. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ನೇರವಾಗಿ ಭಾರ ಎತ್ತಲು ಹೋಗಬೇಡಿ. ಮಲಗಿ ಎದ್ದು ಸಂಜೆ ಹೋಗಿ.

ದಾರಿಯನ್ನೂ ಒಮ್ಮೆ ಅಳೆಯಿರಿ. ಜಿಮ್ ಕೆಲಸ ಬಿಟ್ಟು ಬರುವ ದಾರಿಯಲ್ಲೇ ಇದ್ದರೆ ಹೋಗುತ್ತೀರಿ. ಮನೆಗೆ ಹೋಗಿ, ಚಹಾ ಕುಡಿದು, ಮತ್ತೆ ಗಾಡಿ ತೆಗೆಯಬೇಕೆಂದರೆ ಜುಲೈ ತಿಂಗಳ ಬೆಳಗಾವಿ ಮಳೆಯಲ್ಲಿ ಅದು ನಡೆಯುವ ಮಾತಲ್ಲ. ಟಿಳಕವಾಡಿಯ ರೈಲ್ವೆ ಗೇಟ್ ದಾಟಬೇಕಾದರೆ ಗೇಟ್ ಹಾಕಿದಾಗ ನಿಲ್ಲುವ ಸಮಯವನ್ನೂ ಸೇರಿಸಿ. ಒಂದು ಕಡೆಗೆ ಹದಿನೈದು ನಿಮಿಷ ಮೀರಿದರೆ ಓಣಿಯ ಜಿಮ್ ಕಡೆ ತಕ್ಕಡಿ ವಾಲುತ್ತದೆ. "ದೇಶದ ಯಾವ ಶಾಖೆಗಾದರೂ ಹೋಗಬಹುದು" ಎಂಬ ಯೋಜನೆಗೆ ಹೆಚ್ಚು ಕೇಳಿದರೆ, ನೀವು ಹುಬ್ಬಳ್ಳಿಗೋ ಪುಣೆಗೋ ತಿಂಗಳಿಗೆ ಎಷ್ಟು ಸಲ ಹೋಗುತ್ತೀರಿ ನೋಡಿಕೊಳ್ಳಿ. ಹೋಗದವರಿಗೆ ಅದು ಬೇಡ.

ಒಳಗೆ ಹೋದಾಗ ಬಣ್ಣದ ದೀಪ, ಕನ್ನಡಿ ನೋಡಬೇಡಿ. ಲ್ಯಾಟ್ ಪುಲ್‌ಡೌನ್ ಎಂಬ, ತಲೆ ಮೇಲಿನ ಸರಳನ್ನು ಎದೆಗೆ ಎಳೆಯುವ ಯಂತ್ರದ ಕೇಬಲ್ ಹಿಡಿದು ನೋಡಿ, ಮುಖ್ಯವಾಗಿ ಅದು ಗಾಲಿಯ ಮೇಲೆ ಬಾಗುವ ಕಡೆ ಮತ್ತು ಕೊಂಡಿಗೆ ಸೇರುವ ತುದಿಯಲ್ಲಿ. ಪ್ಲಾಸ್ಟಿಕ್ ಸಿಪ್ಪೆ ಸೀಳಿ ಒಳಗಿನ ಉಕ್ಕಿನ ಎಳೆ ಕಾಣುತ್ತಿದ್ದರೆ ಆ ಕೇಬಲ್ ಭಾರ ಹಾಕಿದಾಗಲೇ ತುಂಡಾಗುತ್ತದೆ, ಸರಳು ತಲೆಗೋ ಮುಖಕ್ಕೋ ಬಡಿಯುತ್ತದೆ. ಮಶೀನ್ ಶಾಪ್‌ನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ತೂಕದ ಬಿಲ್ಲೆಗಳಿಗೆ ಅದರದೇ ಪಿನ್ ಇದೆಯೋ, ಬೋಲ್ಟ್ ತುರುಕಿದ್ದಾರೋ ನೋಡಿ. ಬೋಲ್ಟ್ ಇದ್ದರೆ ರಿಪೇರಿಯ ಕಡೆ ಗಮನವಿಲ್ಲ ಎಂದೇ ಅರ್ಥ. ದೊಡ್ಡ ಒಲಿಂಪಿಕ್ ಸರಳು ಖಾಲಿ ಇದ್ದಾಗಲೇ 20 ಕೆ.ಜಿ.; ಹೊಸಬರಿಗೆ ಅದೇ ಭಾರ, ಆದ್ದರಿಂದ 8–10 ಕೆ.ಜಿ.ಯ ಸಣ್ಣ ಸರಳು ಇದೆಯೇ, 1.25 ಮತ್ತು 2.5 ಕೆ.ಜಿ. ಪ್ಲೇಟುಗಳಿವೆಯೇ, ಪ್ಲೇಟ್ ಜಾರದಂತೆ ಹಾಕುವ ಕ್ಲಿಪ್ ಸಾಕಷ್ಟಿವೆಯೇ ಕೇಳಿ. ಡಂಬೆಲ್ ಜೋಡಿ 2.5ರಿಂದ ಶುರುವಾಗಬೇಕು. ಎಷ್ಟೋ ಕಡೆ ಸಣ್ಣವೇ ಕಳೆದುಹೋಗಿರುತ್ತವೆ, ಬೇಕಾಗುವುದೂ ಅವೇ.

ಟ್ರೆಡ್‌ಮಿಲ್ ಮೇಲೆ ಐದು ನಿಮಿಷ ನಡೆಯಿರಿ. ಹೆಜ್ಜೆ ಊರಿದಾಗ ಪಟ್ಟಿ ಕ್ಷಣ ನಿಂತು ಜಾರಿದಂತೆ ಅನಿಸಿದರೆ ಬಿಗಿ ತಪ್ಪಿದೆ. ಅಂಗಿಗೆ ಸಿಕ್ಕಿಸಿಕೊಳ್ಳುವ ಸುರಕ್ಷತಾ ದಾರ ಇರಲೇಬೇಕು. ಹೆಸ್ಕಾಂ ಲೈನ್ ಹೋದಾಗ ಏನು ವ್ಯವಸ್ಥೆ ಎಂದು ಕೇಳಿ: ಓಡುತ್ತಿರುವಾಗ ಪಟ್ಟಿ ಒಮ್ಮೆಲೇ ನಿಂತರೆ ಮುಗ್ಗರಿಸಿ ಬೀಳುತ್ತೀರಿ, ಜತೆಗೆ ಬೇಸ್‌ಮೆಂಟ್ ಜಿಮ್ ಆದರೆ ಕತ್ತಲು. ಎರಡನೇ ಬಾಗಿಲು ಎಲ್ಲಿದೆ, ಅದರ ಮುಂದೆ ಸಾಮಾನು ಒಟ್ಟಿದ್ದಾರೆಯೇ ಎಂದೂ ನೋಡಿ. ಮಳೆಗಾಲದಲ್ಲಿ ಗಾಳಿಯಾಡದ ಕೋಣೆಯಲ್ಲಿ ರಬ್ಬರ್ ಹಾಸು ಬೂಸು ಹಿಡಿಯುತ್ತದೆ, ವಾಸನೆಯೇ ಹೇಳುತ್ತದೆ. ಮನೆಯ ಹೆಣ್ಣುಮಕ್ಕಳೂ ಸೇರುವುದಾದರೆ ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕವಿದೆಯೇ, ಮಹಿಳಾ ತರಬೇತುದಾರರು ಯಾವ ಹೊತ್ತಿಗೆ ಇರುತ್ತಾರೆ ಎಂದು ಅವರೇ ಬಂದು ನೋಡಲಿ.

ಈಗ ಕಾಗದ. ದೊಡ್ಡ ಹೆಸರಿನ ಫಲಕ ಇದ್ದರೂ ಎಷ್ಟೋ ಶಾಖೆಗಳು ಫ್ರಾಂಚೈಸಿ, ಒಡೆತನ ಊರಿನವರದೋ ಬೇರೆ ಊರಿನವರದೋ ಇರುತ್ತದೆ. ನಾಳೆ ಬಾಗಿಲು ಹಾಕಿದರೆ ನೀವು ಹಿಡಿಯಬೇಕಾದದ್ದು ರಶೀದಿಯ ಮೇಲೆ ಹೆಸರಿರುವ ಸಂಸ್ಥೆಯನ್ನು. ಕರ್ನಾಟಕದ ನೋಂದಣಿಯಾದರೆ ಜಿಎಸ್‌ಟಿ ಸಂಖ್ಯೆ 29ರಿಂದ, ಮಹಾರಾಷ್ಟ್ರದ್ದಾದರೆ 27ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿದರೆ ಮಾಲೀಕ ಸಂಸ್ಥೆಯ ಹೆಸರು ಉಚಿತವಾಗಿ ಸಿಗುತ್ತದೆ. ಕೌಂಟರಿನಲ್ಲಿರುವವರ ಸ್ವಂತ ನಂಬರಿಗೆ ರೊಕ್ಕ ಹಾಕಬೇಡಿ. ಒಪ್ಪಂದದಲ್ಲಿ ನಾಲ್ಕು ವಿಷಯ ಹುಡುಕಿ: ನಡುವೆ ಬಿಟ್ಟರೆ ರೊಕ್ಕ ವಾಪಸ್ ಉಂಟೇ, ಕಾಯಿಲೆಗೋ ಊರಿಗೋ ಹೋದಾಗ ಎಷ್ಟು ದಿನ ತಡೆಹಿಡಿಯಬಹುದು, ಬೇರೆಯವರ ಹೆಸರಿಗೆ ವರ್ಗಾಯಿಸಬಹುದೇ, ಅವಧಿ ಮುಗಿದಾಗ ತಾನಾಗಿಯೇ ನವೀಕರಣ ಆಗುತ್ತದೆಯೇ. ಬಾಯಲ್ಲಿ ಹೇಳಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಲು ಹೇಳಿ.

ತಿಂಗಳ ಕಂತು ಎಂದು ಎರಡು ಬೇರೆ ಬೇರೆ ವಸ್ತುಗಳನ್ನು ಕರೆಯುತ್ತಾರೆ. ಒಂದು ಯುಪಿಐ ಆಟೊಪೇ. ಇದರಲ್ಲಿ ಹಣ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕು, ಬೇಡವೆಂದರೆ ನಿಮ್ಮ ಪಾವತಿ ಆ್ಯಪ್‌ನ ಆಟೊಪೇ ವಿಭಾಗಕ್ಕೆ ಹೋಗಿ ರದ್ದು ಮಾಡಿ ಪಿನ್ ಹಾಕಿದರೆ ಆಯಿತು. ಜತೆಗೆ ಜಿಮ್‌ಗೂ ಬರೆದು ತಿಳಿಸಿ. ಆಟೊಪೇ ನಿಲ್ಲಿಸಿದ ಮಾತ್ರಕ್ಕೆ ಒಪ್ಪಂದ ಮುಗಿಯುವುದಿಲ್ಲ. ಇನ್ನೊಂದು ಇಎಂಐ. ಅದು ಹಣಕಾಸು ಕಂಪನಿಯೊಂದು ನಿಮ್ಮ ಹೆಸರಿಗೆ ಕೊಟ್ಟ ಸಾಲ. ಜಿಮ್‌ಗೆ ವರ್ಷದ ರೊಕ್ಕ ಮೊದಲೇ ಮುಟ್ಟಿರುತ್ತದೆ. ನಾಳೆ ಜಿಮ್ ಮುಚ್ಚಿದರೂ ಕಂತು ನಿಲ್ಲುವುದಿಲ್ಲ, ತಪ್ಪಿಸಿದರೆ ನಿಮ್ಮ ಸಿಬಿಲ್ ಅಂಕ ಕೆಡುತ್ತದೆ, ಮುಂದೆ ಗಾಡಿ ಸಾಲ, ಮನೆ ಸಾಲಕ್ಕೆ ಹೋದಾಗ ಅದು ಎದುರಾಗುತ್ತದೆ. ಜಿಮ್‌ಗಾಗಿ ಇಎಂಐ ಮಾಡಲೇಬೇಡಿ.

ಕಟ್ಟಿದ ಮೇಲೆ ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರಿಂದ ಆಗದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು, ಕಂಪನಿ ಮುಂಬೈಯಲ್ಲಿದ್ದರೂ ಸರಿ. 2019ರ ಕಾಯ್ದೆ ದೂರುದಾರ ವಾಸಿಸುವ ಊರಿನಲ್ಲೇ ದೂರು ಕೊಡಲು ಬಿಡುತ್ತದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು.

ಹಾಗಾದರೆ ಓಣಿಯ ಜಿಮ್? ಅಲ್ಲಿ ಯಂತ್ರ ಹಳೆಯವು, ಎಸಿ ಇಲ್ಲ. ಆದರೆ ತಿಂಗಳು ತಿಂಗಳು ಕಟ್ಟುವ ಸ್ವಾತಂತ್ರ್ಯವಿದೆ, ಮಾಲೀಕರಿಗೆ ನಿಮ್ಮ ಮುಖ ಗೊತ್ತು, ಎರಡು ದಿನ ಬಾರದಿದ್ದರೆ "ಯಾಕ್ರೀ, ಬಂದೇ ಇಲ್ಲ?" ಎಂದು ಕೇಳುತ್ತಾರೆ. ಹೊಸಬರನ್ನು ಎಳೆದುಕೊಂಡು ಹೋಗುವುದು ಆ ಒಂದು ಮಾತೇ. ತಾಲೀಮಿನ ಊರು ಇದು, ಕುಸ್ತಿ ಕಲಿತ ಹಿರಿಯರು ನಡೆಸುವ ಜಿಮ್ ಸಿಕ್ಕರೆ ಬೈಠಕ್, ದಂಡದ ಅಡಿಪಾಯ ಚೆನ್ನಾಗಿ ಬೀಳುತ್ತದೆ. ಕಡಿಮೆ ದರದ ದೊಡ್ಡ ಜಿಮ್‌ನಲ್ಲಿ ತರಬೇತುದಾರರು ಕಡಿಮೆ. ನೆಲದ ಮೇಲಿರುವ ಒಬ್ಬಿಬ್ಬರೂ ಬೇರೆ ರೊಕ್ಕ ಕೊಡುವ ಪರ್ಸನಲ್ ಟ್ರೇನಿಂಗ್ ಗಿರಾಕಿಗಳ ಹಿಂದೆ ಇರುತ್ತಾರೆ. ಅಲ್ಲೇ ಸೇರುವುದಾದರೆ ಮೂರು ತಿಂಗಳ ಪ್ಯಾಕೇಜ್ ಬೇಡ, ನಾಲ್ಕರಿಂದ ಆರು ತರಗತಿ ಮಾತ್ರ ಕೊಡಿ ಎಂದು ಕೇಳಿ. ಚಲನೆಗಳನ್ನು ಸರಿಯಾಗಿ ಕಲಿಯಲು ಅಷ್ಟು ಸಾಕು. ಕೌಂಟರಿನಲ್ಲಿ ಮಾರುವ ಪ್ರೊಟೀನ್ ಪುಡಿ ಡಬ್ಬಿಯನ್ನು ಮೊದಲ ಮೂರು ತಿಂಗಳು ಮುಟ್ಟಬೇಡಿ. 70 ಕೆ.ಜಿ. ತೂಕದವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವ ದಿನದ ಪ್ರೊಟೀನ್ ಸುಮಾರು 58 ಗ್ರಾಂ. ಕಾಳು ಪಲ್ಯ, ಬೇಳೆ, ಮೊಸರು, ಶೇಂಗಾ, ಎರಡು ಮೊಟ್ಟೆಯಲ್ಲಿ ಅದು ಬಹುಪಾಲು ಬರುತ್ತದೆ. ಮೈ ಬೆಳೆಸುವ ಇಂಜೆಕ್ಷನ್ ಮಾತೆತ್ತುವ ಜಿಮ್‌ನಿಂದ ಅವತ್ತೇ ಹೊರಬನ್ನಿ.

ಏರು ಹತ್ತುವಾಗ ಎದೆ ಹಿಡಿಯುವುದು, ತಲೆ ಸುತ್ತಿ ಬೀಳುವುದು, ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಇವುಗಳಲ್ಲಿ ಯಾವುದಿದ್ದರೂ ಸೇರುವ ಮೊದಲು ವೈದ್ಯರನ್ನು ಕಾಣಿ.

ಹೊಸಬರು ಜಿಮ್ ಬಿಡುವುದು ಹೆಚ್ಚಾಗಿ ಮೊದಲ ವಾರದಲ್ಲೇ ಮಾಡುವ ತಪ್ಪಿನಿಂದ. ಹುರುಪಿನಲ್ಲಿ ಮೊದಲ ದಿನವೇ ಕಾಲಿಗೆ ಹತ್ತು ಹನ್ನೆರಡು ಸೆಟ್ ಮಾಡುತ್ತಾರೆ. ನೋವು ಒಂದರಿಂದ ಮೂರು ದಿನದ ನಡುವೆ ಏರಿ, ಮೆಟ್ಟಿಲು ಇಳಿಯಲಾಗದೆ ಕೆಲಸ ತಪ್ಪುತ್ತದೆ. ಅತಿಯಾದರೆ ಸ್ನಾಯು ಒಡೆದು ಮೂತ್ರ ಚಹಾದ ಬಣ್ಣಕ್ಕೆ ತಿರುಗುತ್ತದೆ, ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ಮೊದಲ ವಾರ ಒಂದೊಂದೇ ಸೆಟ್, ಎರಡನೇ ವಾರ ಎರಡು, ಮೂರನೇ ವಾರದಿಂದ ಮೂರು. ದಿನ ಬಿಟ್ಟು ದಿನ, ವಾರಕ್ಕೆ ಮೂರು ದಿನ: ಲೆಗ್ ಪ್ರೆಸ್ (ಕಾಲಿನಿಂದ ಭಾರ ತಳ್ಳುವುದು), ಚೆಸ್ಟ್ ಪ್ರೆಸ್ (ಎದೆಯ ಮುಂದಕ್ಕೆ ಕೈಯಿಂದ ತಳ್ಳುವುದು), ಲ್ಯಾಟ್ ಪುಲ್‌ಡೌನ್, ಕುಳಿತು ಎಳೆಯುವ ರೋ, ಕೊನೆಗೆ ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೇರ ಹಿಡಿದಿರುವುದು). ಪ್ಲ್ಯಾಂಕ್ ಬಿಟ್ಟು ಉಳಿದವು ಪ್ರತಿ ಸೆಟ್ 10–12 ಸಲ, ಮುಗಿಸಿದಾಗ ಇನ್ನೂ ಮೂರು ಸಲ ಮಾಡಬಲ್ಲೆ ಅನಿಸುವಷ್ಟು ಭಾರ. ಮೂರೂ ಸೆಟ್‌ನಲ್ಲಿ 12 ಸಲೀಸಾಗಿ ಬಂದರೆ ಮುಂದಿನ ಸಲ 2.5 ಕೆ.ಜಿ. ಏರಿಸಿ.

ಹತ್ತನೇ ವಾರಕ್ಕೆ ಜಿಮ್‌ನ ಹಾಜರಿ ತೆಗೆಸಿ. ಆ ಹೊತ್ತಿಗೆ ಮೂವತ್ತು ದಿನ ಆಗಬೇಕಿತ್ತು. ಇಪ್ಪತ್ತೈದು ದಾಟಿದ್ದರೆ ವಾರ್ಷಿಕ ಕಟ್ಟಿ, ಆ ದರ ನಿಮಗೆ ನಿಜಕ್ಕೂ ಅಗ್ಗ. ಹದಿನೈದರಿಂದ ಇಪ್ಪತ್ತೈದರ ಒಳಗಿದ್ದರೆ ಇನ್ನೊಮ್ಮೆ ಮೂರು ತಿಂಗಳು. ಹದಿನೈದಕ್ಕೂ ಕಡಿಮೆಯಾಗಿದ್ದರೆ ನವೀಕರಣ ಬೇಡ; ಓಣಿಯ ಜಿಮ್‌ನಲ್ಲಿ 800 ಕೊಟ್ಟು ಒಂದು ತಿಂಗಳು ನೋಡಿ, ಅದೂ ಹೊಂದದಿದ್ದರೆ 5 ಮತ್ತು 10 ಕೆ.ಜಿ.ಯ ಡಂಬೆಲ್ ಜೋಡಿ ಮನೆಗೆ ತಂದಿಟ್ಟುಕೊಂಡು ವ್ಯಾಕ್ಸಿನ್ ಡಿಪೊ ಮೈದಾನದಲ್ಲಿ ಮುಂಜಾನೆ ನಡಿಗೆ ಶುರು ಮಾಡಿ.